ಮಾಳಿಗೆಯ ಮೇಲಿನ ರೈಲು

ನಾವು ತುಂಬಿಕೊಡುವ ಅರ್ಜಿಗಳಲ್ಲಿ ‘ಹವ್ಯಾಸಗಳು’ ಎಂದೊಂದು ಸಾಲು ಇರುವುದುಂಟು. ಅದರ ಮುಂದೆ ನಮ್ಮಲ್ಲಿ ಬಹುಮಂದಿ ‘ಪುಸ್ತಕ ಓದುವುದು, ಕ್ರಿಕೆಟ್ ಆಡುವುದು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ನಿಜ ಹೇಳುವುದಾದರೆ ನಮ್ಮಂಥವರ ಮನೆಗಳಲ್ಲಿ ಈ ಪದಕ್ಕೆ ಎಡೆಯೇ ಇಲ್ಲ. ಕೆಲಸ ಎಂಬುದು ಉಂಟು, ಚಟ ಎಂಬುದು ಉಂಟು. ಇವೆರಡರ ನಡುವೆ ಮೂರನೆಯದೊಂದು ಇರಬಹುದೆಂದು ಹಿರಿಯರು ಯೋಚಿಸಿದವರಲ್ಲ. ಯೋಚಿಸಲು ಅವರಿಗೆ ಬಿಡುವಾದರೂ ಎಲ್ಲಿತ್ತು? ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಇಂಥವನು ಚಿತ್ತವಾಡ್ಗಿಯಲ್ಲಿ, ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ಕುಳಿತು, ಭಾನುವಾರದ ಮಧ್ಯಾಹ್ನಗಳನ್ನು ಪುಟ್ಟ ರೈಲು ಕಟ್ಟುವುದರಲ್ಲಿ ಕಳೆಯುತ್ತಾನೆಂದರೆ ವಾಚಕರು ನಗಬಹುದು. ನಗಲಿ. ನಕ್ಕ ಮೇಲೆ ಸ್ವಲ್ಪ ಕೇಳಲಿ ಎಂಬುದಷ್ಟೇ ನನ್ನ ಬಿನ್ನಹ.

ಈ ಹವ್ಯಾಸದವರು ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಗಿಡಗಳನ್ನು ಜೋಡಿಸಿದ ಇಡೀ ರಚನೆಗೆ ‘ಲೇಔಟು’ ಎನ್ನುತ್ತಾರೆ. ‘ನಮ್ಮದೊಂದು ಲೇಔಟು ಆಗುತ್ತಿದೆ’ ಎಂದು ನಾನು ಒಮ್ಮೆ ಬೀದಿಯಲ್ಲಿ ಹೇಳಿದಾಗ, ಪಕ್ಕದ ಮನೆಯ ಹಿರಿಯರು ‘ಸೈಟು ಎಷ್ಟಕ್ಕೆ ಕೊಡ್ತೀರಪ್ಪ?’ ಎಂದು ಬಹಳ ಆಸ್ಥೆಯಿಂದ ವಿಚಾರಿಸಿದರು. ಎಂಟು ಅಡಿ ಉದ್ದ, ಎರಡು ಅಡಿ ಅಗಲ ಎಂದಾಗ ಅವರಿಗೆ ಅನುಕಂಪವಾಯಿತು.

ಈ ಹುಚ್ಚು ನಮ್ಮ ಮೂವರಿಂದ ಆರಂಭವಾದುದಲ್ಲ. ಜರ್ಮನಿಯ ಮೆರ್ಕ್ಲಿನ್ ಎಂಬ ಕಂಪನಿಯವರು 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ಆಟದ ರೈಲುಗಳನ್ನು ಇಟ್ಟರು. ಇಂಗ್ಲೆಂಡಿನಲ್ಲಿ ಈ ಆಟವನ್ನು ಮನೆಮಾತು ಮಾಡಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರನಲ್ಲ. ಲಿವರ್‌ಪೂಲಿನ ಒಬ್ಬ ಗುಮಾಸ್ತ. ಮಕ್ಕಳಿಗಾಗಿ ತೂತು ಕೊರೆದ ಲೋಹದ ಪಟ್ಟಿಗಳ ಆಟಿಕೆಯನ್ನು ಮಾಡಿ, 1901ರಲ್ಲಿ ಪೇಟೆಂಟು ಪಡೆದು, 1920ರಲ್ಲಿ ರೈಲಿಗೆ ಕೈಹಾಕಿದವನು. ನಮ್ಮ ದೇಶದಲ್ಲಿ ಪುಣೆಯ ಭಾವುಸಾಹೇಬ ಜೋಶಿಯವರು ಜೀವಮಾನವೆಲ್ಲ ಕೂಡಿಸಿದ ಪುಟಾಣಿ ರೈಲುಗಳನ್ನು 1998ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ದೊಡ್ಡ ರೈಲುಗಳನ್ನೇ ನೋಡಬೇಕೆಂದರೆ ನಮ್ಮ ಮೈಸೂರಿನಲ್ಲಿ 1979ರಿಂದಲೂ ರೈಲ್ವೆ ವಸ್ತುಸಂಗ್ರಹಾಲಯವುಂಟು. ಅಷ್ಟು ದೂರವೇಕೆ? ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವೂ, ಬೀದಿಯಲ್ಲಿ ಎಳೆಯುವ ಮರದ ತೇರನ್ನು ನೋಡಿ ಕಲ್ಲಿನಲ್ಲಿ ಕಂಡರಿಸಿದ ಒಂದು ಮಾದರಿಯಲ್ಲವೇ? ಚಲಿಸುವುದನ್ನು ಕಂಡು ಅದರ ಪ್ರತಿರೂಪವನ್ನು ಮಾಡಬೇಕೆನ್ನುವ ಆಸೆ ನಮ್ಮ ಸೀಮೆಯ ಮಣ್ಣಿನಲ್ಲೇ ಇದೆಯೆಂದು ನಾನು ಧೈರ್ಯವಾಗಿ ವಾದಿಸುತ್ತೇನೆ.

ನಾವು ಮೂವರು. ಒಬ್ಬ ನಾನು, ಇನ್ನೊಬ್ಬ ವಾಣಿಜ್ಯ ಓದುತ್ತಿರುವ ಗೆಳೆಯ, ನಮ್ಮ ಖರ್ಚಿನ ಲೆಕ್ಕವಿಡುವವನು, ಮೂರನೆಯವನು ಐ.ಟಿ.ಐ. ಮುಗಿಸಿ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿರುವವನು. ವಿದೇಶದ ಹಳಿ, ಎಂಜಿನುಗಳ ಬೆಲೆಯನ್ನು ನೋಡಿದ ದಿನವೇ, ಕೊಳ್ಳುವ ಮಾತನ್ನು ಬಿಟ್ಟು ಮಾಡುವ ಮಾತನ್ನು ಹಿಡಿದೆವು. ಹಳೆಯ ವಯರಿಂಗಿನ ತಾಮ್ರದ ತಂತಿಯನ್ನು ಸುಲಿದು, ಎಳೆದು ನೆಟ್ಟಗೆ ಮಾಡಿದರೆ ಅದೇ ಕಂಬಿ. ಕೆಟ್ಟ ಟಿ.ವಿ.ಗಳ ಸರ್ಕ್ಯೂಟು ಹಲಗೆಯನ್ನು ಬೆಂಕಿಕಡ್ಡಿಯಷ್ಟು ಅಗಲಕ್ಕೆ ಕತ್ತರಿಸಿದರೆ ಅದೇ ಸ್ಲೀಪರು. ಎರಡನ್ನೂ ಬೆಸುಗೆ ಹಾಕಿ, ಪ್ರತಿ ಸ್ಲೀಪರಿನ ನಡುವೆ ತಾಮ್ರದ ಪದರವನ್ನು ಅರದಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಎಡಗಂಬಿಯ ವಿದ್ಯುತ್ತು ಬಲಗಂಬಿಗೆ ಹಾರಿ ಎಲ್ಲವೂ ನಿಲ್ಲುತ್ತದೆ. ಹನ್ನೆರಡು ವೋಲ್ಟಿನ ವಿದ್ಯುತ್ತು ಒಂದು ಕಂಬಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋಗಿ ಇನ್ನೊಂದು ಕಂಬಿಯಿಂದ ಹಿಂದಿರುಗುತ್ತದೆ. ವೋಲ್ಟು ಏರಿಸಿದರೆ ವೇಗ. ಧನ ಋಣಗಳನ್ನು ಅದಲುಬದಲು ಮಾಡಿದರೆ ರೈಲು ಹಿಮ್ಮುಖ.

ನಮ್ಮ ಐ.ಟಿ.ಐ. ಗೆಳೆಯನಿಗೆ ಮೇಜಿನ ಮೇಲಿನ ಗುಡ್ಡ, ಮನೆಗಳಲ್ಲಿ ಆಸಕ್ತಿಯೇ ಇಲ್ಲ. ಅವನ ಲೋಕವೆಲ್ಲ ಮೇಜಿನ ಕೆಳಗಿನ ತಂತಿಗಳಲ್ಲಿ. ಅಮೆರಿಕದ ಎಂ.ಐ.ಟಿ. ಎಂಬ ಹೆಸರಾಂತ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಸಂಘದಲ್ಲಿಯೂ ಇಂಥವರದೇ ಒಂದು ಬಣವಿತ್ತು. ಟೆಲಿಫೋನಿನ ರಿಲೇಗಳಿಂದ ಸಿಗ್ನಲು ಕಟ್ಟುತ್ತಿದ್ದ ಆ ಹುಡುಗರೇ ಮುಂದೆ ಮೊದಮೊದಲ ಕಂಪ್ಯೂಟರುಗಳಿಗೆ ಅಂಟಿಕೊಂಡರು. ‘ಹ್ಯಾಕರ್’ ಎಂಬ ಮಾತು ಬಳಕೆಗೆ ಬಂದದ್ದು ಅಲ್ಲಿಂದಲೇ. ಇದನ್ನು ಹೇಳಿದಂದಿನಿಂದ ನಮ್ಮವನು ಮೇಜಿನ ಕೆಳಗಿನಿಂದ ಏಳುವುದೇ ಕಷ್ಟವಾಗಿದೆ.

ಈಗ ಲೆಕ್ಕದ ವಿಷಯ. ಪ್ರಪಂಚದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮಾದರಿಯಲ್ಲಿ ನಿಜವಾದ ವಸ್ತುವಿನ 87 ಪಾಲುಗಳಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ಅದರ ಹಳಿಯ ಅಂತರ 16.5 ಮಿಲಿಮೀಟರು. ಇದನ್ನು 87ರಿಂದ ಗುಣಿಸಿದರೆ ಯೂರೋಪಿನ 1435 ಮಿಲಿಮೀಟರಿನ ಹಳಿ ಬರುತ್ತದೆಯೇ ಹೊರತು ನಮ್ಮ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಬರುವುದಿಲ್ಲ. ನಮ್ಮದಕ್ಕೆ 19.26 ಬೇಕು, ಅಂಗಡಿಯಲ್ಲಿ ಅದು ದೊರೆಯದು. ಆದರೆ ಮೀಟರ್‌ಗೇಜಿನ 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಅದಕ್ಕೆ ಹತ್ತಿರದ 12 ಮಿಲಿಮೀಟರಿನ ಹಳಿ ಜಗತ್ತಿನಲ್ಲೆಲ್ಲ ರೂಢಿಯಲ್ಲಿದೆ. ಹೀಗಾಗಿ ನಾವು ಮೀಟರ್‌ಗೇಜನ್ನೇ ಆರಿಸಿದೆವು. ಓಡುವುದು ವೈ.ಡಿ.ಎಂ.-4 ಎಂಬ ಡೀಸೆಲ್ ಎಂಜಿನು. ಪೆಟ್ಟಿಗೆಯಾಕಾರವಾದ್ದರಿಂದ ರಟ್ಟಿನಲ್ಲಿ ಮಾಡಲು ಸುಲಭ. ಹೊಸಪೇಟೆಯಿಂದ ಕೊಟ್ಟೂರಿಗೆ ಸುಮಾರು 70 ಕಿಲೋಮೀಟರು. ಅದನ್ನು ಈ ಅಳತೆಗೆ ಇಳಿಸಿದರೂ 800 ಮೀಟರು ಆಗುತ್ತದೆ. ನಮ್ಮಲ್ಲಿರುವುದು ಎಂಟು ಅಡಿ. ಆದುದರಿಂದ ವ್ಯಾಸನಕೆರೆ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳನ್ನೆಲ್ಲ ಮನಸ್ಸಿನಲ್ಲಿಯೇ ದಾಟಿ, ಹೆಸರಿಲ್ಲದ ಒಂದೇ ನಿಲ್ದಾಣವನ್ನು ಕಟ್ಟಿದ್ದೇವೆ. ತುಂಗಭದ್ರಾ ಅಣೆಕಟ್ಟನ್ನು ಸೇರಿಸಬೇಕೆಂದು ವಾಣಿಜ್ಯದ ಗೆಳೆಯ ಹಟ ಹಿಡಿದನು. ಸುಮಾರು 2.4 ಕಿಲೋಮೀಟರು ಉದ್ದದ ಆ ಕಟ್ಟಡ ನಮ್ಮ ಅಳತೆಯಲ್ಲಿಯೂ 28 ಮೀಟರು ಆಗುತ್ತದೆ, ನಿಮ್ಮ ಮನೆಯ ಮಾಳಿಗೆಯನ್ನೂ ಕೊಡುವೆಯಾ ಎಂದು ಕೇಳಿದ ಮೇಲೆ ಸುಮ್ಮನಾದನು.

ಇಷ್ಟೆಲ್ಲ ವಿನೋದದ ಮಾತಾಯಿತು. ಆದರೆ ಮನೆಯಲ್ಲಿ ಇದು ವಿನೋದವಲ್ಲ. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಮ್ಮ ಅಪ್ಪ ಅದಿರಿನ ಲಾರಿಯ ಕೆಲಸ ಬಿಟ್ಟು ಗಾರೆ ಕೆಲಸ ಹಿಡಿದವನು, ಇಂದಿಗೂ ಅದೇ. ಅವ್ವ ಕಾಲುವೆಯ ಕೆಳಗಿನ ಬಾಳೆ ತೋಟಗಳಿಗೆ ಹೋಗುತ್ತಾಳೆ. ಭಾನುವಾರ ಬಾಳೆಗೊನೆ ಹೊರಲು ಹೋದರೆ ನನಗೂ ಒಂದು ದಿನದ ಕೂಲಿಯುಂಟು. ಬೆಳಗ್ಗೆ ಹೋಗುತ್ತೇನೆ, ಮಧ್ಯಾಹ್ನದ ಅರ್ಧ ದಿನವನ್ನು ರೈಲಿಗೆ ಇಟ್ಟುಕೊಂಡಿದ್ದೇನೆ. ಆ ಅರ್ಧ ದಿನದ ಕೂಲಿಯ ಲೆಕ್ಕ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು. ‘ಇದರಾಗ ಏನು ಬರ್ತೈತಿ?’ ಎಂದು ಅಪ್ಪ ಒಂದೇ ಒಂದು ಸಾರಿ ಕೇಳಿದನು. ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಿನಿಂದ ಏನಾದರೂ ಹೇಳಬಹುದಿತ್ತು. ನಿಜವಾಗಿಯೂ ತಿಳಿಯದೆ ಕೇಳಿದನು. ಅದಕ್ಕೆ ಉತ್ತರ ಕೊಡುವುದು ಕಠಿಣ.

ಉತ್ತರದ ಒಂದು ತುಣುಕು ನಮ್ಮ ತಾತನಿಂದ ದೊರೆಯಿತು. ತಾತ ಕೊಟ್ಟೂರು ದಾರಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದವನು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ನಮ್ಮ ಸೀಮೆಗೆ ತಂದ ಮೀಟರ್‌ಗೇಜ್ ಹಳಿ, 1992ರ ಏಕಗೇಜ್ ಯೋಜನೆಯ ತರುವಾಯ ಆ ದಶಕದಲ್ಲಿಯೇ ಬ್ರಾಡ್‌ಗೇಜ್ ಆಯಿತು. ತಾತ ಹಳೆಯದನ್ನು ಕಾಯ್ದವನು, ಹೊಸದು ಬಂದದ್ದನ್ನೂ ನೋಡಿದವನು. ಓದು ಬರಹ ಬಾರದು. ಈಗ ಕಣ್ಣೂ ಮಂದವಾಗಿದೆ. ಮನೆಯಲ್ಲಿ ಆತ ಮಾತನಾಡುವುದು ಬಹಳ ಕಡಮೆ. ನಾವೂ ಆತನನ್ನು ಕೇಳಿದ್ದು ಬಹಳ ಕಡಮೆ.

ಕಳೆದ ಏಪ್ರಿಲಿನಲ್ಲಿ ತಗಡಿನ ಕೋಣೆಯ ಕಾವಿಗೆ ನಮ್ಮ ತಾಮ್ರದ ಕಂಬಿ ಒಂದೆಡೆ ಹಾವಿನಂತೆ ಡೊಂಕಾಯಿತು. ರೈಲು ಅಲ್ಲಿಗೆ ಬಂದೊಡನೆ ಉರುಳಿತು. ನಮ್ಮ ಗದ್ದಲ ಕೇಳಿ ತಾತ ಗೋಡೆ ಹಿಡಿದುಕೊಂಡು ಮೇಲಕ್ಕೆ ಬಂದನು. ಕಂಬಿಯ ಮೇಲೆ ಬೆರಳಾಡಿಸಿದನು. ಡೊಂಕು ಸಿಕ್ಕಿತು.

‘ತಮ್ಮಾ, ಸಂದು ಎಲ್ಲಿ ಬಿಟ್ಟೀರಿ?’ ಎಂದನು.

ಕಬ್ಬಿಣ ಬಿಸಿಲಿಗೆ ಬೆಳೆಯುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆಂದೇ ಎರಡು ಕಂಬಿಗಳ ನಡುವೆ ಸಂದು ಬಿಟ್ಟು ಫಿಶ್‌ಪ್ಲೇಟಿನಿಂದ ಬಿಗಿಯುತ್ತಾರೆ. ಬಿಗಿ ಹೆಚ್ಚಾದರೂ ಕೇಡು, ಸಡಿಲವಾದರೂ ಕೇಡು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೀಮನ್ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟಗಳನ್ನು ಹಿಡಿದು ಮೈಲಿಗಟ್ಟಲೆ ನಡೆಯುತ್ತಿದ್ದುದು ಈ ಸಂದುಗಳನ್ನು ಕಾಯಲೆಂದೇ. ಇದನ್ನೆಲ್ಲ ತಾತ ಒಂದು ಗಂಟೆಯ ಕಾಲ ಹೇಳಿದನು. ಅಷ್ಟು ಹೊತ್ತು ಆತ ಮಾತನಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಿರುವಿನಲ್ಲಿ ಹೊರಗಿನ ಕಂಬಿ ಎತ್ತರವಿರಬೇಕೆಂದನು. ಮದುವೆ ಪತ್ರಿಕೆಯ ರಟ್ಟಿನ ಪಟ್ಟಿಯನ್ನು ಸ್ಲೀಪರುಗಳ ಹೊರತುದಿಗೆ ಕೊಟ್ಟೆವು. ನಾಲ್ಕು ಕಡೆ ಕಂಬಿಯನ್ನು ಕತ್ತರಿಸಿ, ವಿದ್ಯುತ್ತು ಹರಿಯಲು ಕೆಳಗಿನಿಂದ ಸಣ್ಣ ತಂತಿಯ ಸೇತುವೆ ಹಾಕಿದೆವು. ಅಂದಿನಿಂದ ಕಂಬಿ ಡೊಂಕಾಗಿಲ್ಲ.

ಎರಡು ವಾರ ಕಳೆದ ಮೇಲೆ ತಾತ ಮತ್ತೊಂದು ಕೊರತೆ ಹೇಳಿದನು. ‘ಗಾಡಿ ಚಲೋ ಐತಿ. ಆದ್ರ ಸಪ್ಪಳ ಇಲ್ಲ.’ ಕಂಬಿಯ ಸಂದಿನ ಮೇಲೆ ಚಕ್ರ ಹಾಯುವಾಗ ಬರುವ ಟಕಟಕ ಶಬ್ದ ಆತನಿಗೆ ಬೇಕಾಗಿತ್ತು. ಈಗಿನ ಹಳಿಗಳನ್ನು ಉದ್ದಕ್ಕೂ ಬೆಸೆದಿರುವುದರಿಂದ ನಮ್ಮ ತಲೆಮಾರಿನ ಕಿವಿಗೆ ಆ ಶಬ್ದ ಅಪರೂಪ. ಮೀಟರ್‌ಗೇಜಿನ ಒಂದು ಕಂಬಿಯ ಉದ್ದ 12 ಮೀಟರು. ನಮ್ಮ ಅಳತೆಗೆ 13.8 ಸೆಂಟಿಮೀಟರು. ಅಷ್ಟಷ್ಟು ದೂರಕ್ಕೆ ಕಂಬಿಯ ನೆತ್ತಿಯ ಮೇಲೆ ಅರದಿಂದ ಸಣ್ಣ ಗೀರು ಹಾಕಿದೆವು. ಎಂಟು ಅಡಿಯಲ್ಲಿ ಹದಿನೇಳು ಗೀರು. ರೈಲು ಟಕ್ ಟಕ್ ಎಂದಿತು. ಲೆಕ್ಕ ಹಾಕಿ ನೋಡಿದರೆ, 12 ಮೀಟರಿನ ಕಂಬಿಯ ಮೇಲೆ 43 ಸೆಕೆಂಡಿನಲ್ಲಿ ಎಷ್ಟು ಸಂದು ದಾಟುತ್ತದೆಯೋ ರೈಲು ಗಂಟೆಗೆ ಹೆಚ್ಚುಕಡಮೆ ಅಷ್ಟೇ ಕಿಲೋಮೀಟರು ಓಡುತ್ತಿರುತ್ತದೆ. ನಮ್ಮ ಹಲಗೆ ಚಿಕ್ಕದು. ಅದರ ಅರ್ಧ ಹೊತ್ತು ಎಣಿಸಿ ಇಮ್ಮಡಿಸಬೇಕು. ತಾತ ಗಡಿಯಾರವಿಲ್ಲದೆ, ಕಣ್ಣು ಮುಚ್ಚಿ ಕೇಳಿ, ‘ಮೂವತ್ತರ ಮ್ಯಾಲೆ ಹೊಂಟೈತಿ, ಇಳಿಸು’ ಎಂದನು. ನಾವು ಎಣಿಸಿದೆವು. ಮೂವತ್ತೆರಡು.

ಆ ದಿನ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾನು ನಮ್ಮ ಮನೆಯ ಮೊದಲ ವಿದ್ಯಾವಂತನೆಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಪರೀಕ್ಷೆಯ ಅರ್ಥದಲ್ಲಿ ಅದು ಸರಿಯೇ. ಆದರೆ ಕಬ್ಬಿಣದ ಸ್ವಭಾವವನ್ನು ಬೆರಳಿನಿಂದ, ವೇಗವನ್ನು ಕಿವಿಯಿಂದ ಓದಬಲ್ಲವನೊಬ್ಬ ನಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತಿದ್ದನು. ಆ ವಿದ್ಯೆಗೆ ಪುಸ್ತಕವಿಲ್ಲ, ಪದವಿಯಿಲ್ಲ. ಕೇಳುವವರಿಲ್ಲದಿದ್ದರೆ ಅದು ಆತನೊಡನೆಯೇ ಹೋಗುತ್ತದೆ. ಕೇಳುವುದಕ್ಕೆ ಒಂದು ನೆಪ ಬೇಕು. ‘ತಾತ, ನಿನ್ನ ಅನುಭವ ಹೇಳು’ ಎಂದರೆ ಆತ ಹೇಳುವವನಲ್ಲ. ಡೊಂಕಾದ ಹಳಿಯೊಂದನ್ನು ಕೈಗೆ ಕೊಟ್ಟಾಗ ಹೇಳಿದನು.

ತಾತನ ಕಡೆಯ ಆಕ್ಷೇಪಣೆ, ನಮ್ಮ ಲೇಔಟಿನಲ್ಲಿ ಹಳಿ ಕಾಯುವ ಮನುಷ್ಯನೇ ಇಲ್ಲವೆಂಬುದು. ಪ್ರಯಾಣಿಕರಿದ್ದರು, ಸ್ಟೇಷನ್ ಮಾಸ್ತರರಿದ್ದರು, ಗ್ಯಾಂಗಿನವರಿರಲಿಲ್ಲ. ಆಗ ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಯವರ ರೀತಿಯನ್ನು ಅನುಸರಿಸಿ, ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ, ಎರಡೆರಡು ಸೆಂಟಿಮೀಟರಿನ ಆರು ಜನ ಗ್ಯಾಂಗ್‌ಮನ್‌ಗಳನ್ನು ಮಾಡಿ ತಿರುವಿನ ಬಳಿ ನಿಲ್ಲಿಸಿದೆವು. ಅವ್ವ ಅವರಿಗೆ ತಲೆರುಮಾಲಿನ ಬಣ್ಣ ಬಳಿದಳು. ಅಪ್ಪ ಮೇಲಕ್ಕೆ ಬಂದು ನೋಡಿ ಏನೂ ಹೇಳಲಿಲ್ಲ. ಆದರೆ ಮರುದಿನ ಕೆಲಸದಿಂದ ಬರುವಾಗ, ಸೆಂಟ್ರಿಂಗಿಗೆ ಬಳಸಿ ಉಳಿದ ನಾಲ್ಕು ಅಡಿಯ ಪ್ಲೈವುಡ್ ಹಲಗೆಯೊಂದನ್ನು ಮೇಸ್ತ್ರಿಯನ್ನು ಕೇಳಿ ತಂದು ಮೆಟ್ಟಿಲ ಬಳಿ ಒರಗಿಸಿದ್ದನು. ಅರ್ಧ ದಿನದ ಕೂಲಿಯ ಲೆಕ್ಕ ಇದರಿಂದ ತೀರಿತೆಂದು ನಾನು ಹೇಳಲಾರೆ. ಅದು ತೀರುವ ಲೆಕ್ಕವೂ ಅಲ್ಲ.

ಪರೀಕ್ಷೆ ಹತ್ತಿರವಾಗಿದೆ. ಆ ಬಳಿಕ ಕೆಲಸ ಹುಡುಕಿ ಯಾವ ಊರಿಗೆ ಹೋಗುವೆನೋ ತಿಳಿಯದು. ನಮ್ಮ ರೈಲನ್ನು ತಲಾ ನಾಲ್ಕು ಅಡಿಯ ಎರಡು ಹಲಗೆಗಳಾಗಿ ಬಿಚ್ಚಬಹುದು. ಹೊರದೇಶಗಳಲ್ಲಿ ಈ ಹವ್ಯಾಸದ ಸಂಘದವರು ಹೀಗೆಯೇ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಹಲಗೆ ಮಾಡಿ, ಒಂದೆಡೆ ಸೇರಿ ಜೋಡಿಸುತ್ತಾರೆ. ತುದಿಯಲ್ಲಿ ಹಳಿಯ ಅಂತರವೂ ಎತ್ತರವೂ ಒಂದೇ ಆಗಿದ್ದರೆ ಸಾಕು. ಅಪ್ಪ ತಂದ ಹಲಗೆ ಮೂರನೆಯದು, ಇನ್ನೂ ಬರಿದಾಗಿದೆ. ನಮ್ಮ ಕಾಲೇಜಿನ ಕಿರಿಯ ಗೆಳೆಯರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬರಬಹುದು. ಅಂತರ 12 ಮಿಲಿಮೀಟರು. ತಾಮ್ರದ ತಂತಿಯನ್ನು ನೀವೇ ತರಬೇಕು. ಸಂದು ಎಷ್ಟು ಬಿಡಬೇಕೆಂಬುದನ್ನು ತಾತ ಹೇಳಿಕೊಡುತ್ತಾನೆ.

— ಅಂತಿಮ ಬಿ.ಎ. ವಿದ್ಯಾರ್ಥಿ