ಕಾರಾಪುರದ ಹುಡುಗನ ನೆಪದಲ್ಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಎರಡೇ ಮಾತು. ಒಂದು ಮಳೆ ಮತ್ತು ಹೊಗೆಸೊಪ್ಪಿನ ಸಸಿ. ಇನ್ನೊಂದು, ‘ಹುಡುಗನ್ನ ಯಾವುದಕ್ಕೆ ಸೇರಿಸ್ತೀರಿ?’

ಕಬಿನಿ ಹಿನ್ನೀರಿನ ಕಡೆಯ ಒಂದು ಮನೆಯಲ್ಲಿ ಈ ಎರಡನೆಯ ಮಾತು ಜಗಳದ ಮಟ್ಟಕ್ಕೇ ಹೋಗಿತ್ತು. ಅಪ್ಪ ಸಫಾರಿ ಜೀಪಿನ ಡ್ರೈವರ್. ತಾತ ಕಾಕನಕೋಟೆಯ ಖೆಡ್ಡಾದಲ್ಲಿ ತಮಟೆ ಬಡಿದು ಆನೆ ಅಟ್ಟಿದವರು. ಹುಡುಗನಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅಪ್ಪ ಮೈಸೂರಿಗೆ ಹೋಗಿ ಪಿಯುಸಿ ಅರ್ಜಿ, ಹಾಸ್ಟೆಲಿನ ಅರ್ಜಿ ಎರಡನ್ನೂ ತಂದಿಟ್ಟರು. ಹುಡುಗ ಹೇಳಿದ್ದು ಒಂದೇ ಮಾತು: ‘ಅಪ್ಪಾ, ನಾನು ಆನೆ ಕ್ಯಾಂಪಿಗೆ ಸೇರ್ಕೊತೀನಿ.’

‘ಕಾಡು ನನ್ನ ತಲೆಗೇ ಸಾಕು ಕಣ್ಲಾ. ನೀನು ಫ್ಯಾನ್ ಕೆಳಗೆ ಕೂತು ದುಡಿ’ ಎಂದರು ಅಪ್ಪ.

ಅಪ್ಪನಿಗೆ ಗೊತ್ತಿರಲಿಲ್ಲ, ಈ ಜಗಳ ನೂರು ವರ್ಷಕ್ಕೂ ಹಳೆಯದು. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ನಲ್ಲಿ ತೂಮಾಯಿ ಎಂಬ ಮಾವುತನ ಮಗನ ಕಥೆಯಿದೆ. ಮೋಗ್ಲಿಯ ಗದ್ದಲದಲ್ಲಿ ಅದನ್ನು ಓದುವವರು ಕಡಿಮೆ. ಅಲ್ಲಿಯೂ ಅಪ್ಪನಿಗೆ ಖೆಡ್ಡಾ ಬೇಡ. ಇಟ್ಟಿಗೆಯ ಲಾಯ, ಹತ್ತಿರದಲ್ಲೊಂದು ಪೇಟೆ, ನೆಮ್ಮದಿಯ ಚಾಕರಿ ಸಾಕು. ಮಗನಿಗೆ ಬೇಕಾದದ್ದು ಕಾಡೇ. ಹುಡುಗ ಆ ಪುಸ್ತಕವನ್ನು ಶಾಲೆಯ ಬೀರುವಿನಿಂದ ತಂದು ಎರಡು ಸಲ ಓದಿದ್ದ. ಅಪ್ಪಂದಿರ ವಾದವನ್ನು ಮಾತ್ರ ಬೇಗಬೇಗ ಪುಟ ಮಗುಚಿ ದಾಟಿದ್ದನೆಂದು ಕಾಣುತ್ತದೆ.

ಕಥೆ ನಡೆಯುವುದು ಗಾರೊ ಬೆಟ್ಟಗಳಲ್ಲಿ. ಆದರೆ ಅದು ‘ಎಲಿಫೆಂಟ್ ಬಾಯ್’ ಎಂಬ ಸಿನಿಮಾ ಆದಾಗ ತೂಮಾಯಿಯಾದವನು ಇದೇ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದವನು. ಹೆಸರು ಸಾಬು. 1924ರಲ್ಲಿ ಹುಟ್ಟಿದ, ಮಾವುತನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಮಹಾರಾಜರ ಆನೆಲಾಯದ ಆಸರೆಯಲ್ಲಿ ಬೆಳೆದ. ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡ ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. ಮುಂದಿನದು ಕಥೆಯನ್ನೂ ಮೀರಿಸಿದ ಕಥೆ. 1937ರಲ್ಲಿ ಚಿತ್ರ ಬಿಡುಗಡೆಯಾಯಿತು. ಇಂಗ್ಲೆಂಡಿನಿಂದ ಹಾಲಿವುಡ್ಡಿಗೆ ಹೋದ. 1940ರಲ್ಲಿ ‘ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ಸ್ವತಃ ಮೋಗ್ಲಿ. 1944ರಲ್ಲಿ ಅಮೆರಿಕದ ಪೌರನಾಗಿ, ಅವರ ವಾಯುಪಡೆಯ ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿದು ಕೂತ. ಯುದ್ಧ ಮುಗಿದ ಮೇಲೆ ದೊಡ್ಡ ಪಾತ್ರಗಳು ಬರಲಿಲ್ಲ. 1963ರ ಡಿಸೆಂಬರಿನಲ್ಲಿ ಹೃದಯಾಘಾತ. ಆಗ ವಯಸ್ಸು 39.

ಮಗ ಮೊಬೈಲಿನಲ್ಲಿ ಸಿನಿಮಾ ತೋರಿಸಿ, ‘ನೋಡಿ, ನಮ್ಮೂರ ಕಡೆಯವನೇ. ಆನೆಯಿಂದ ಎಲ್ಲಿಗೆ ಹೋದ!’ ಎಂದ. ಅಪ್ಪ, ‘ಹೋದ ಸರಿ, ಆಮೇಲೇನಾಯ್ತು ಅಂತಲೂ ಹೇಳು’ ಎಂದರು. ಅಡುಗೆಮನೆಯಿಂದ ಅಮ್ಮ ಹೇಳಿದ್ದು ಬೇರೆಯೇ: ‘ಅಪ್ಪ ಇಲ್ದ ಮಗು. ಹೋಗು ಅನ್ನೋರೂ ಇಲ್ಲ, ಬ್ಯಾಡ ಅನ್ನೋರೂ ಇಲ್ಲ.’ ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಪ್ಪನ ಭಯ ಸುಳ್ಳಲ್ಲ. ಕೆಲಸಗಳು ಕಣ್ಣೆದುರೇ ಮುಳುಗಿದ ಸೀಮೆ ಇದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಆನೆಗಳನ್ನು ಅಟ್ಟಿದ ಜಾಗದ ಮೇಲೇ ನೀರು ನಿಂತಿತು. ತಾತನ ತಮಟೆ ಅಟ್ಟ ಸೇರಿತು. ಆದರೆ ಅದೇ ಹಿನ್ನೀರು ಇಳಿದ ಬೇಸಿಗೆಯಲ್ಲಿ ದಡದ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರತೊಡಗಿ, ಅವನ್ನು ನೋಡಲು ಜನ ಬರತೊಡಗಿ, ಅಪ್ಪನ ಕೈಗೆ ಜೀಪಿನ ಸ್ಟಿಯರಿಂಗ್ ಬಂತು. ತಾತನ ಕಾಲದಲ್ಲಿ ಈ ಉದ್ಯೋಗಕ್ಕೆ ಹೆಸರೇ ಇರಲಿಲ್ಲ. ಮಗನಿಗೆ ಇಂಥದೇ ಆಗು ಎಂದು ಆ ತಾತ ಹೇಳಿದ್ದರೆ ಏನೆಂದು ಹೇಳಬಹುದಿತ್ತು?

ಇತ್ತ ಮಾವುತರ ಬದುಕನ್ನೂ ಹುಡುಗ ಅಂದುಕೊಂಡಷ್ಟು ಸೊಗಸಾಗಿ ನೋಡಬೇಕಿಲ್ಲ. ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟಾಗ ಎಲ್ಲರ ಕಣ್ಣು ಆನೆಯ ಮೇಲೆ. ಜೊತೆಗೆ ಬಂದ ಮಾವುತರ, ಕಾವಾಡಿಗಳ ಮಕ್ಕಳಿಗೆ ಅರಮನೆ ಆವರಣದಲ್ಲಿ ಟೆಂಟ್ ಶಾಲೆ ನಡೆಯುತ್ತದೆ. ಅಲ್ಲಿ ಮಗ್ಗಿ ಹೇಳುತ್ತಾ ಕೂತ ಮಕ್ಕಳ ಅಪ್ಪಂದಿರನ್ನು ಕೇಳಿದರೆ ಅವರೂ ಫ್ಯಾನಿನ ಮಾತನ್ನೇ ಆಡಿಯಾರು.

ಆನೆಗೆ ಮಾವುತನೊಬ್ಬನೇ ಸಾಲದು, ವೈದ್ಯನೂ ಬೇಕು. ಆ ದಾರಿ ಪಿಯುಸಿಯ ಜೀವಶಾಸ್ತ್ರದ ಮೂಲಕವೇ ಹೋಗುತ್ತದೆ. ಇದನ್ನು ಯಾರೋ ಹೇಳಿದಾಗ ಹುಡುಗ ಅರ್ಜಿಯನ್ನು ಎತ್ತಿಕೊಂಡು ನೋಡಿದ. ತುಂಬಲಿಲ್ಲ, ಹರಿದೂ ಹಾಕಲಿಲ್ಲ. ಟಿ.ವಿ. ಕೆಳಗೆ ಇಟ್ಟ.

ರಾತ್ರಿ ಊಟವಾದ ಮೇಲೆ ಅಪ್ಪ ತಾವಾಗಿಯೇ ಮೊಬೈಲು ಕೇಳಿದರು. ಕಪ್ಪುಬಿಳುಪು ಚಿತ್ರ ಮತ್ತೆ ಓಡಿತು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಲೋ, ಇದು ಕಟ್ಟೆ ಕಟ್ಟೋಕ್ ಮುಂಚಿನ ನಮ್ ಹೊಳೆಯೇನ್ಲಾ?’