ಕಣ್ಣಿನೊಳಗಣ ಕವಲುಗಳು

ಕಣ್ಣಿನ ಪಾಪೆ ಕಪ್ಪಾಗಿ ಕಾಣುವುದೇಕೆಂದು ಕೇಳಿದರೆ, ಒಳಗೆ ಕತ್ತಲೆಯಿರುವುದರಿಂದ ಎಂದು ಹುಡುಗರು ಹೇಳುತ್ತಾರೆ. ಉತ್ತರ ಅರ್ಧ ಸರಿ. ಒಳಹೊಕ್ಕ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆ ದಾರಿಯಲ್ಲಿ ಇಣುಕಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಗಾಜಿನ ಹಲ್ಲೆಗಳನ್ನು ಓರೆಯಾಗಿಟ್ಟು ಈ ತೊಡಕನ್ನು ಬಿಡಿಸಿದನು. ದೀಪದ ಬೆಳಕನ್ನು ಗಾಜು ಕಣ್ಣಿನೊಳಕ್ಕೆ ತಿರುಗಿಸುವುದು; ಮರಳಿ ಬರುವ ಬೆಳಕನ್ನು ಅದೇ ಗಾಜಿನ ಮೂಲಕ ವೈದ್ಯನು ನೋಡುವನು. ಹೀಗೆ ಜೀವಂತ ಮನುಷ್ಯನ ಅಕ್ಷಿಪಟಲವೂ ಅದರ ಮೇಲೆ ಕವಲೊಡೆದ ರಕ್ತನಾಳಗಳೂ ಕಣ್ಣಿಗೆ ಬಿದ್ದುವು.

ಇದನ್ನೆಲ್ಲ ನಾನು ಓದತೊಡಗಿದುದು ನಮ್ಮ ಶಾಲೆಯ ಹಿರಿಯ ಅಧ್ಯಾಪಕರೊಬ್ಬರಿಗೆ ಪಾರ್ಶ್ವವಾಯು ಬಡಿದ ಮೇಲೆ. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. "ಮಾಸ್ಟ್ರೇ, ಇವರಿಗೆ ಮೊದಲಿನ ಹಾಗೆ ಆಗಬಹುದಾ?" ಎಂದು ಅವರ ಮನೆಯವರು ನನ್ನನ್ನೇ ಕೇಳಿದರು. ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯೂ ಇತ್ತು: ರಜೆ ಬರೆಯಬೇಕೋ, ನಿವೃತ್ತಿ ಕೇಳಬೇಕೋ? ನಿವೃತ್ತಿಯಾದರೆ ಆ ಜಾಗಕ್ಕೆ ಕನ್ನಡ ಬಲ್ಲವರೇ ಬರುವರೆಂಬ ಭರವಸೆ ಗಡಿನಾಡಿನಲ್ಲಿರುವ ನಮಗೆ ಇಲ್ಲ.

ಭ್ರೂಣದಲ್ಲಿ ಅಕ್ಷಿಪಟಲವು ಮಿದುಳಿನಿಂದಲೇ ಮೊಗ್ಗಿನಂತೆ ಹೊರಚಾಚಿ ಬೆಳೆಯುತ್ತದೆ. ಕತ್ತಿನೊಳಗಿನಿಂದ ಮಿದುಳಿಗೆ ಏರುವ ಅಪಧಮನಿಯ ಕವಲೇ ಅದಕ್ಕೂ ರಕ್ತವನ್ನು ಒಯ್ಯುತ್ತದೆ. ಒಂದೇ ಹೊಳೆಯ ಎರಡು ಕಾಲುವೆಗಳು. ಒಂದು ತಲೆಬುರುಡೆಯ ಮರೆಯಲ್ಲಿದೆ, ಇನ್ನೊಂದನ್ನು ಕಾಣಬಹುದು. ರಕ್ತದ ಒತ್ತಡ ಬಹುಕಾಲ ಏರಿಯೇ ಇದ್ದರೆ ಅಪಧಮನಿಯ ಗೋಡೆ ಗಡುಸಾಗಿ, ತಾನು ದಾಟಿಹೋಗುವ ಅಭಿಧಮನಿಯನ್ನು ಅದುಮುತ್ತದೆ. ಲಂಡನ್ನಿನ ಗನ್ ಎಂಬ ನೇತ್ರವೈದ್ಯನು ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬರೆದಿಟ್ಟನು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಕಣ್ಣಿನ ಚಿತ್ರಗಳನ್ನು ತೆಗೆದು, ಮುಂದೆ ಅವರನ್ನು ಗಮನಿಸುತ್ತ ಹೋದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ನಾಳಗಳಲ್ಲಿ ಇಂತಹ ಕೇಡು ಕಂಡವರಿಗೆ ಪಾರ್ಶ್ವವಾಯು ಹೆಚ್ಚಾಗಿ ತಗುಲಿತ್ತು. ಈಗ ಗಣಕಯಂತ್ರವು ನಾಳಗಳ ಅಗಲವನ್ನೂ ಸುಳಿಯನ್ನೂ ಕವಲುಗಳ ದಟ್ಟಣೆಯನ್ನೂ ಅಳೆಯಬಲ್ಲುದು.

ರೋಗ ಬರುವುದನ್ನು ಹೇಳುವ ನಾಳಗಳು ಬಂದ ಮೇಲಿನ ಚೇತರಿಕೆಯನ್ನೂ ಹೇಳಬಲ್ಲವೆ? ಹಾನಿಯಾದ ಭಾಗದ ಅಂಚಿಗೆ ರಕ್ತ ತಲುಪಬೇಕಾದರೆ ಮಿದುಳಿನ ಸಣ್ಣ ನಾಳಗಳು ಗಟ್ಟಿಯಾಗಿರಬೇಕು. ಅವುಗಳ ಸ್ಥಿತಿಗೆ ಕಣ್ಣು ಸಾಕ್ಷಿಯಾದೀತೆಂಬುದು ಸಂಶೋಧಕರ ತರ್ಕ. ತರ್ಕ ಸೊಗಸಾಗಿದೆ, ಆದರೆ ಇದು ಇನ್ನೂ ಪರೀಕ್ಷೆಯ ಹಂತದ ಮಾತು. ರೋಗಿಯ ವಯಸ್ಸು, ಮೊದಲ ಹೊಡೆತದ ಬಲ, ಚಿಕಿತ್ಸೆ ಎಷ್ಟು ಬೇಗ ದೊರೆಯಿತು ಎಂಬುದನ್ನೇ ವೈದ್ಯರು ಮುಖ್ಯವಾಗಿ ನೋಡುತ್ತಾರೆ. ಕೈಯ ಮಟ್ಟಿಗೆ ಬಹಳ ಸರಳವಾದ ಪರೀಕ್ಷೆಯೊಂದುಂಟು: ಮೊದಲ ಮೂರು ದಿನಗಳೊಳಗೆ ಬೆರಳನ್ನು ಸ್ವಲ್ಪವಾದರೂ ಬಿಡಿಸಲು, ತೋಳನ್ನು ಪಕ್ಕಕ್ಕೆತ್ತಲು ಆದರೆ ಆಸೆ ಹೆಚ್ಚು. ಯಂತ್ರದ ಭವಿಷ್ಯವಾಣಿ ಎಷ್ಟೇ ಸೂಕ್ಷ್ಮವಾದರೂ ನನಗೆ ಒಂದು ಅಳುಕಿದೆ. ಒಂದನೆಯ ತರಗತಿಯಲ್ಲಿಯೇ ‘ದಡ್ಡ’ನೆಂದು ಬರೆದಿಟ್ಟ ಹುಡುಗನಿಗೆ ಯಾರು ಮನಸ್ಸಿಟ್ಟು ಕಲಿಸುತ್ತಾರೆ? ‘ಚೇತರಿಸನು’ ಎಂದು ಗುರುತಿಸಿದ ರೋಗಿಗೂ ವ್ಯಾಯಾಮ ತಪ್ಪಿಹೋಗಬಾರದು.

ನಮ್ಮ ಮಾಸ್ಟ್ರ ತೋರುಬೆರಳು ಮೂರನೆಯ ದಿನ ಮೆಲ್ಲನೆ ಬಿಚ್ಚಿಕೊಂಡಿತ್ತು. ನಿವೃತ್ತಿಯ ಅರ್ಜಿ ಬರೆಯಲಿಲ್ಲ. ರಜೆ ಜೂನ್‌ವರೆಗೆ ಇದೆ. ಮಾತು ಇನ್ನೂ ತಡವರಿಸುತ್ತದೆ. ಮಕ್ಕಳ ಕಾಪಿ ಪುಸ್ತಕವೊಂದನ್ನು ತರಿಸಿಕೊಂಡು ಬಲಗೈಯಲ್ಲಿಯೇ ಬರೆಯುತ್ತಿದ್ದಾರೆ. ಒತ್ತಕ್ಷರಗಳು ಮಾತ್ರ ಗೆರೆಯೊಳಗೆ ನಿಲ್ಲುತ್ತಿಲ್ಲ.