ಸೋಗೆ, ಚಿಪ್ಪರ್ ಮತ್ತು ಅಪ್ಪನ ಪಂಚೆ

ಅಡಿಕೆ ತೋಟದವರ ಮನೆಯಲ್ಲಿ ಸೋಗೆ ಅಂದ್ರೆ ಒಂದು ಕಾಲಕ್ಕೆ ಆಸ್ತಿ. ಮಾಡಿಗೆ ಹೊದೆಸೋಕೆ ಸೋಗೆ, ಬಚ್ಚಲ ಒಲೆಗೆ ಸೋಗೆ, ಕೊಟ್ಟಿಗೆಗೆ ಹಾಸೋಕೆ ಸೋಗೆ. ಹಾಳೆಯನ್ನಂತೂ ಕೊಚ್ಚಿ ದನಕ್ಕೇ ಹಾಕ್ತಿದ್ರು. ಈಗ ಮಾಡಿಗೆ ಹೆಂಚು ಬಂದಿದೆ, ಬಚ್ಚಲಿಗೆ ಸೋಲಾರ್ ಬಂದಿದೆ, ಕೊಟ್ಟಿಗೆಯಲ್ಲಿ ಉಳಿದಿರೋದು ಒಂದೇ ಹಸು. ಆದ್ರೆ ಮರಕ್ಕೆ ಇದೆಲ್ಲ ಹೇಗೆ ಗೊತ್ತಾಗ್ಬೇಕು? ಅದು ಬೀಳಿಸ್ತಾನೇ ಇದೆ :-)

ಬಿದ್ದ ಸೋಗೆಯನ್ನ ಹಾಗೇ ಬಿಟ್ರೆ ಏನಾಗುತ್ತೆ ಅಂತ ಕೇಳಬಹುದು. ಕೊಳೆಯುತ್ತೆ, ನಿಧಾನಕ್ಕೆ. ಸಾಲಿನ ಮಧ್ಯೆ ಒತ್ತಾಗಿ ಹಾಸಿ ಬಿಟ್ಟು ಸುಮ್ಮನಿರೋರೂ ಇದಾರೆ, ಅದೇನೂ ತಪ್ಪಲ್ಲ. ಆದ್ರೆ ಸೋಗೆಯ ದಿಂಡು ಅಷ್ಟು ಬೇಗ ಮಣ್ಣಾಗಲ್ಲ. ಮಳೆಗಾಲದಲ್ಲಿ ಕಾಲುವೆಗೆ ಅಡ್ಡ ಬಿದ್ದು ನೀರು ಕಟ್ಟುತ್ತೆ, ಹಾಳೆಯಲ್ಲಿ ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತೆ, ಅಡಿಯಲ್ಲಿ ಹಾವು ಮಲಗಿದ್ರೆ ಕಾಣಲ್ಲ. ಅದನ್ನೇ ಪುಡಿ ಮಾಡಿ ಬುಡಕ್ಕೆ ಹಾಕಿದ್ರೆ ಕಳೆ ಕಮ್ಮಿ, ಬೇಸಿಗೆಯಲ್ಲಿ ತೇವ ಉಳಿಯುತ್ತೆ, ಗೊಬ್ಬರವೂ ಬೇಗ ಆಗುತ್ತೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಹೊತ್ತು ತರೋಕೆ ಈಗ ಜನ ಎಲ್ಲಿದಾರೆ ಹೇಳಿ. ಹಾಗಾಗಿ ನಮ್ಮಂಥವರಿಗೆ ಉಳಿದಿರೋ ಸೊಪ್ಪು ಇದೊಂದೇ.

ಅಪ್ಪ ಮೂರು ವರ್ಷದ ಹಿಂದೆ 24 ಎಚ್‌ಪಿಯ ಒಂದು ಪುಟ್ಟ ಟ್ರ್ಯಾಕ್ಟರ್ ತಗೊಂಡಿದಾರೆ. ಈಗ ಅದಕ್ಕೊಂದು ಚಿಪ್ಪರ್ ಬೇಕಂತೆ. "ಹೇಗೂ ಟ್ರ್ಯಾಕ್ಟರ್ ಇದ್ದಲ, ಹಿಂದೆ ಸಿಕ್ಕಿಸಿದ್ರೆ ಆತು" ಅನ್ನೋದು ಅವರ ವಾದ. ಬೆಂಗಳೂರಲ್ಲಿ ಕೂತ ಮಗನ ಕೆಲಸ ಏನು? ಲೆಕ್ಕ ಹಾಕೋದು. ಹಾಕಿದೆ.

ಮೊದಲು ಯಂತ್ರದ ವಿಷಯ. ಟ್ರ್ಯಾಕ್ಟರಿನ ಮೇಲೆ ಬರೆದಿರೋ ಎಚ್‌ಪಿ ಇಂಜಿನ್ನಿನದ್ದು. ಹಿಂದಿನ ಪಿಟಿಒ ಶಾಫ್ಟಿಗೆ ಬರೋ ಹೊತ್ತಿಗೆ ಅದರಲ್ಲಿ ಸ್ವಲ್ಪ ಸೋರಿ ಹೋಗಿರುತ್ತೆ. ಚಿಪ್ಪರ್ ಮಾರೋರು "ಇಷ್ಟು ಎಚ್‌ಪಿ ಸಾಕು" ಅಂದ್ರೆ ಯಾವ ಎಚ್‌ಪಿ ಅಂತ ಕೇಳಲೇಬೇಕು. ಎರಡನೇದು ಭಾರ. ಚಿಪ್ಪರನ್ನ ಹಿಂದೆ ಎತ್ತಿದಾಗ ಸಣ್ಣ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರ ಆಗುತ್ತೆ, ನಮ್ಮ ತೋಟಕ್ಕೆ ಇಳಿಯೋ ದಾರಿಯೋ, ದೇವರೇ ಗತಿ. ಮೂರನೇದು ಕತ್ತರಿಸೋ ರೀತಿ. ತಟ್ಟೆಗೆ ಬ್ಲೇಡ್ ಕೂರಿಸಿದ ಡಿಸ್ಕ್ ಚಿಪ್ಪರ್ ಗಟ್ಟಿ ಕೊಂಬೆಗೆ ಒಳ್ಳೇದು. ಆದ್ರೆ ಅಡಿಕೆ ಸೋಗೆ ಕೊಂಬೆ ಅಲ್ಲ, ಅದು ನಾರು. ಹಸಿ ಸೋಗೆ ಕತ್ತರಿಸೋ ಬದಲು ಹಗ್ಗದ ಥರ ಶಾಫ್ಟಿಗೆ ಸುತ್ತಿಕೊಳ್ಳುತ್ತೆ. ಇದಕ್ಕೆ ಬ್ಲೇಡಿನ ಜೊತೆ ಜಜ್ಜೋ ಸುತ್ತಿಗೆಗಳೂ ಇರೋ ಶ್ರೆಡ್ಡರ್ ವಾಸಿ, ಒಳಗೆ ಎಳಕೊಳ್ಳೋ ರೋಲರ್ ಇದ್ರೆ ಇನ್ನೂ ವಾಸಿ. ಸೋಗೆ ಒಂದೆರಡು ವಾರ ಬಾಡಿರಬೇಕು, ಮಣ್ಣು ಮೆತ್ತಿರಬಾರದು. ಬ್ಲೇಡಿಗೆ ಮಣ್ಣಿನಷ್ಟು ದೊಡ್ಡ ಶತ್ರು ಬೇರೆ ಇಲ್ಲ.

ಈಗ ದುಡ್ಡಿನ ವಿಷಯ. ನಮ್ಮದು ಎರಡು ಎಕರೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ ಹಿಡಿಯುತ್ತೆ, ಒಂದು ಮರ ವರ್ಷಕ್ಕೆ ಏಳು ಸೋಗೆ ಬೀಳಿಸುತ್ತೆ ಅಂತಿಟ್ಕೊಳ್ಳಿ. ಒಟ್ಟು ಏಳೂವರೆ ಸಾವಿರ. ಗಂಟೆಗೆ 150 ಸೋಗೆ ತಿನ್ನಿಸಿದ್ರೆ ವರ್ಷಕ್ಕೆ 50 ಗಂಟೆ ಕೆಲಸ. ನೆನಪಿಡಿ, ವರ್ಷದಲ್ಲಿ ಬರೀ 50 ಗಂಟೆ. ಉಳಿದ ದಿನ ಅದು ಕೊಟ್ಟಿಗೆಯ ಎರಡನೇ ಹಸು, ಹಾಲು ಕೊಡದ್ದು.

ಲೆಕ್ಕಕ್ಕೆ ಅಂತ ಯಂತ್ರದ ಬೆಲೆ ಒಂದೂವರೆ ಲಕ್ಷ ಅಂತ ಇಡೋಣ, ಹತ್ತು ವರ್ಷ ಬಾಳಿಕೆ. ಸವಕಳಿ ವರ್ಷಕ್ಕೆ 15,000, ಹಾಕಿದ ದುಡ್ಡಿನ ಬಡ್ಡಿ ಸರಾಸರಿ 6,000, ಬ್ಲೇಡು-ಬೇರಿಂಗು-ಗ್ರೀಸು 5,000. ಒಟ್ಟು 26,000, ಅಂದ್ರೆ ಗಂಟೆಗೆ 520. ಅದರ ಮೇಲೆ ಡೀಸೆಲ್ ಮತ್ತು ಇಬ್ಬರು ಆಳಿನ ಕೂಲಿ ಸೇರಿ ಗಂಟೆಗೆ ಇನ್ನೊಂದು 470. ಒಟ್ಟು 990. ಟ್ರ್ಯಾಕ್ಟರ್, ಚಿಪ್ಪರ್, ಇಬ್ಬರು ಜನ ಎಲ್ಲಾ ಸೇರಿ ಬಾಡಿಗೆಗೆ ಬರೋರು ಗಂಟೆಗೆ 1,000 ಕೇಳಿದ್ರೆ, ಎರಡೂ ಒಂದೇ! ಕೆಲಸ 25 ಗಂಟೆ ಆದ್ರೆ ಸ್ವಂತದ್ದು ಗಂಟೆಗೆ 1,500 ದಾಟುತ್ತೆ, 100 ಗಂಟೆ ಆದ್ರೆ 730ಕ್ಕೆ ಇಳಿಯುತ್ತೆ. ನಿಮ್ಮೂರಿನ ರೇಟು ಹಾಕಿ ನೋಡಿ, ಸೂತ್ರ ಅದೇ. ಬೆಲೆಗಿಂತ ಮೊದಲು ಗಂಟೆ ಎಣಿಸಿ.

ಅಪ್ಪನಿಗೆ ಇದನ್ನ ಫೋನಲ್ಲಿ ಹೇಳಿದೆ. "ಸಬ್ಸಿಡಿ ಹಿಡಿದ್ಯಾ?" ಅಂದ್ರು. ಕೃಷಿ ಯಾಂತ್ರೀಕರಣ ಉಪ ಅಭಿಯಾನ ಅಂತ ಕೇಂದ್ರದ್ದು 2014-15ರಲ್ಲಿ ಶುರುವಾದ ಯೋಜನೆ. ಅದರಲ್ಲಿ ಹಲವು ಯಂತ್ರಗಳಿಗೆ 40ರಿಂದ 50 ಶೇಕಡಾ ಸಹಾಯಧನ ಇದೆ, ಸಣ್ಣ ರೈತರಿಗೆ 50. ಅರ್ಧ ಬೆಲೆಗೆ ಸಿಕ್ಕಿದ್ರೆ ಲೆಕ್ಕ ಗಂಟೆಗೆ 780ಕ್ಕೆ ಇಳಿಯುತ್ತೆ. ವರ್ಷಕ್ಕೆ ಉಳಿಯೋದು ಸುಮಾರು ಹತ್ತೂವರೆ ಸಾವಿರ. ಅಪ್ಪ ಗೆದ್ದರು!

ಅವರ ಇನ್ನೊಂದು ಮಾತೂ ನಿಜ. ಬಾಡಿಗೆ ಯಂತ್ರ ಬೇಕಾದಾಗ ಬರಲ್ಲ. ಕೊನೆಕೊಯ್ಲು ಮುಗಿದು ಮಳೆ ಹಿಡಿಯೋ ಒಳಗೆ ಊರಿಗೆಲ್ಲಾ ಅದೇ ಬೇಕು. ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಯಂತ್ರಧಾರೆ ಅಂತ ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರ ಶುರುಮಾಡಿದ್ದು ಒಳ್ಳೇ ಕೆಲಸವೇ, ಆದ್ರೆ ಎಲ್ಲರಿಗೂ ಒಂದೇ ವಾರ ಬೇಕಾದ್ರೆ ಯಾರು ತಾನೇ ಏನು ಮಾಡ್ತಾರೆ? ಜೊತೆಗೆ ರೋಗದ ಚಿಂತೆ. 2022ರಲ್ಲಿ ಮಲೆನಾಡಲ್ಲಿ ಎಲೆಚುಕ್ಕಿ ರೋಗ ಜೋರಾದಾಗ ರೋಗದ ಸೋಗೆ ಕತ್ತರಿಸಿ ಸುಡಿ ಅಂತ ತಜ್ಞರು ಹೇಳಿದ್ರು. ಅಂಥ ಸೋಗೆಯನ್ನ ಪುಡಿ ಮಾಡಿ ಬುಡಕ್ಕೆ ಹಾಕೋ ಹಾಗಿಲ್ಲ. ಇನ್ನು ಬೇರೆ ತೋಟದಲ್ಲಿ ಅದನ್ನೇ ತಿಂದು ಬಂದ ಯಂತ್ರವನ್ನ ತೊಳೆಯದೆ ನಮ್ಮ ತೋಟಕ್ಕೆ ಇಳಿಸೋದು ಹೇಗೆ? ಬಾಡಿಗೆಗೆ ಕರೆದ್ರೆ ಗೇಟಿನ ಹೊರಗೇ ಪೈಪು ಹಿಡಿದು ತೊಳೆಸಿ.

ಇಷ್ಟೆಲ್ಲಾ ಆದ ಮೇಲೂ ನಾನು ಬೇಡ ಅಂದೆ. ಕಾರಣ ಅಪ್ಪನ ಪಂಚೆ.

ನಗಬೇಡಿ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತೆ, ಸೆಕೆಂಡಿಗೆ 9. ಶಾಫ್ಟಿನ ಸುತ್ತಳತೆ ಹೆಚ್ಚುಕಮ್ಮಿ ಒಂದು ಗೇಣು. ಅಂದ್ರೆ ಒಂದು ಸೆಕೆಂಡಿಗೆ ಒಂಬತ್ತು ಗೇಣು, ನಾಲ್ಕೂವರೆ ಮೊಳ. ನಾಲ್ಕು ಮೊಳದ ಪಂಚೆಯ ತುದಿ ಸಿಕ್ಕಿಕೊಂಡ್ರೆ, ನೀವು "ಅಯ್ಯೋ" ಅನ್ನೋ ಒಳಗೆ ಇಡೀ ಪಂಚೆ ಶಾಫ್ಟಿನ ಮೇಲಿರುತ್ತೆ. ಬರೀ ಪಂಚೆ ಹೋದ್ರೆ ಪುಣ್ಯ. ಶಾಫ್ಟಿಗೆ ಪ್ಲಾಸ್ಟಿಕ್ ಕವಚ ಬರುತ್ತೆ ನಿಜ, ಆದ್ರೆ ಗ್ರೀಸ್ ಹಾಕೋಕೆ ಅಡ್ಡ ಅಂತ ಅದನ್ನ ಕಿತ್ತು ಅಟ್ಟಕ್ಕೆ ಎಸೆದಿರೋ ಮನೆ ಎಷ್ಟು ಬೇಕು? ಸಿಕ್ಕಿಕೊಂಡ ಸೋಗೆಯನ್ನ ಕೈಯಲ್ಲಿ ತಳ್ಳೋದು ಇನ್ನೊಂದು. ಯಂತ್ರ ಎಳಕೊಳ್ಳೋ ವೇಗಕ್ಕೆ ಕೈ ಬಿಡೋಷ್ಟು ಸಮಯ ಇರಲ್ಲ. ಇಂಜಿನ್ ನಿಲ್ಲಿಸಿದ ಮೇಲೂ ಒಳಗಿನ ಭಾರದ ಡ್ರಮ್ ಸುಮಾರು ಹೊತ್ತು ತಿರುಗ್ತಾನೇ ಇರುತ್ತೆ, ಅದು ಪೂರ್ತಿ ನಿಂತು ಬೀಗದ ಕೈ ಜೇಬಿಗೆ ಬರೋವರೆಗೆ ಮುಚ್ಚಳ ತೆಗೆಯೋ ಹಾಗಿಲ್ಲ.

ಹಾಗಾಗಿ ಈ ಕೆಲಸಕ್ಕೆ ಇಬ್ಬರು ಬೇಕೇಬೇಕು. ಒಬ್ಬ ತಿನ್ನಿಸೋಕೆ, ಇನ್ನೊಬ್ಬ ನಿಲ್ಲಿಸೋಕೆ. ನನ್ನ ಲೆಕ್ಕದಲ್ಲಿ ಆ ಇಬ್ಬರು ಆಳು ಇದಾರೆ, ಆದ್ರೆ ನಿಜವಾದ ತೋಟದಲ್ಲಿ? ಆಳು ಬರಲ್ಲ ಅನ್ನೋದಕ್ಕೇ ತಾನೇ ಯಂತ್ರ ತರ್ತಿರೋದು. ಅಪ್ಪನಿಗೆ 68. ಯಂತ್ರ ಮನೆಯಲ್ಲಿದ್ರೆ ಮಧ್ಯಾಹ್ನ ಊಟ ಆಗಿ, ಅಮ್ಮ ಮಲಗಿದ ಹೊತ್ತಿಗೆ, "ನಾಕು ಸೋಗೆ ಹಾಕಿ ಬತ್ನಿ" ಅಂತ ಒಬ್ಬರೇ ಹೋಗ್ತಾರೆ. ಪಕ್ಕದ ಮನೆಗೆ ಕೂಗಿದ್ರೂ ಕೇಳಲ್ಲ ನಮ್ಮ ತೋಟದಿಂದ. ಬಾಡಿಗೆಯ ಯಂತ್ರ ಒಬ್ಬರೇ ಇದ್ದಾಗ ಶುರುವಾಗಲ್ಲ. ಅದರ ಜೊತೆ ಇಬ್ಬರು ಜನ ಬರ್ತಾರೆ, ಸಂಜೆ ಯಂತ್ರವನ್ನೂ ಕರಕೊಂಡು ಹೋಗ್ತಾರೆ. ಆ ಹತ್ತೂವರೆ ಸಾವಿರ ನಾನು ಕೊಡೋದು ಇದಕ್ಕೆ.

ಇದನ್ನೂ ಫೋನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನೇ ಬಂದು ನಿತ್ಕ, ಇಬ್ರಾಗ್ತ್ಯ. ತಗಳನ" ಅಂದ್ರು. ಅದಕ್ಕೆ ನನ್ನ ಹತ್ರ ಲೆಕ್ಕ ಇರಲಿಲ್ಲ.

ಸದ್ಯಕ್ಕೆ ಆಗಿರೋ ಒಪ್ಪಂದ ಇಷ್ಟು. ಈ ವರ್ಷ ಬಾಡಿಗೆ. ಫೆಬ್ರವರಿಯಲ್ಲೇ ದಿನ ಗೊತ್ತು ಮಾಡಿ ಮುಂಗಡ ಕೊಡೋದು, ಅಲ್ಲಿವರೆಗೆ ಸೋಗೆಯನ್ನ ಮಣ್ಣು ತಾಗದ ಹಾಗೆ ಮೂರು ಕಡೆ ಒಟ್ಟಿ ಇಡೋದು. ನಿಜಕ್ಕೂ ಎಷ್ಟು ಗಂಟೆ ಓಡುತ್ತೆ ಅಂತ ಅಮ್ಮ ಕ್ಯಾಲೆಂಡರಿನಲ್ಲಿ ಬರೆದಿಡ್ತಾಳೆ. ಮುಂದಿನ ವರ್ಷ ಅಕ್ಕಪಕ್ಕದ ಎರಡು ಮನೆಯವರು ಒಪ್ಪಿದ್ರೆ ಮೂವರೂ ಸೇರಿ ಒಂದು ತಗೊಳ್ಳೋದು. ಆಗ ಗಂಟೆ 150 ಆಗುತ್ತೆ, ಜನವೂ ಇರ್ತಾರೆ. ಶಾಫ್ಟಿನ ಕವಚ ಕೀಳಬಾರದು, ಪಂಚೆ ಉಟ್ಟು ಹತ್ತಿರ ಬರಬಾರದು ಅನ್ನೋದು ನನ್ನ ಎರಡು ಷರತ್ತು. ಮೊದಲನೇದಕ್ಕೆ ಅಪ್ಪ ಒಪ್ಪಿದಾರೆ. ಎರಡನೇದಕ್ಕೆ, ಈ ಸಲ ಊರಿಗೆ ಹೋಗುವಾಗ ಎರಡು ಬಿಗಿಯಾದ ಪ್ಯಾಂಟು ತಗೊಂಡು ಹೋಗ್ಬೇಕು.